ಬೀರುವನ್ನು ಭೂಮಿಯೇ ಇಳಿಸಲಿ

ಹೇಳಿದ ಬೆಲೆಗೆ ನಾನು ಇದುವರೆಗೆ ಏನನ್ನೂ ಕೊಂಡಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದು ಯಾರಾದರೂ ಓದಿಕೊಂಡರೆ ಅದು ಅವರ ಹಣೆಬರಹ. ಕೊತ್ತಂಬರಿ ಕಟ್ಟಿನಿಂದ ಹಿಡಿದು ಮನೆ ಕಟ್ಟುವ ಸೈಟಿನವರೆಗೆ, ಎದುರಿನವರು ಮೊದಲು ಹೇಳುವ ಬೆಲೆ ನಮಸ್ಕಾರಕ್ಕೆ ಸಮ. ನಾವೂ ಒಂದು ನಮಸ್ಕಾರ ಹೇಳಿ ಆಮೇಲೆ ಮಾತಿಗೆ ಕೂರಬೇಕು. ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಸೀರೆ ಕೊಳ್ಳುವವರಿಗೆ ನನ್ನದೊಂದು ಪುಕ್ಕಟೆ ಸಲಹೆಯಿದೆ. ಬೇಡ ಎಂದು ಎದ್ದ ಮೇಲೆ ಚಪ್ಪಲಿಯನ್ನು ನಿಧಾನವಾಗಿ ಮೆಟ್ಟಿಕೊಳ್ಳಿ. ಅಂಗಡಿಯವರ ಮನಸ್ಸು ಕರಗುವುದು ಎರಡನೆಯ ಚಪ್ಪಲಿಗೆ. ಮೊದಲನೆಯದಕ್ಕೇ ತಿರುಗಿ ನೋಡಿದಿರೋ, ಕೆಟ್ಟಿರಿ. ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಭದ್ರಾವತಿಯಲ್ಲಿ ಕ್ವಾರ್ಟರ್ಸ್ ಬಿಟ್ಟು ಹೋಗುತ್ತಿದ್ದವರೊಬ್ಬರಿಂದ ಒಂದು ಕಬ್ಬಿಣದ ಮಂಚ ಕೊಂಡು, ಶಿವಮೊಗ್ಗದಲ್ಲಿ ಅದನ್ನು ಮಾರಿ, ಬಂದದ್ದರಲ್ಲಿ ಎರಡು ಮಂಚ ಕೊಂಡು, ಹಾಗೇ ಬೆಳೆದು ಇವತ್ತು ಹಳೇ ಫರ್ನಿಚರಿನ ಅಂಗಡಿ ಇಟ್ಟುಕೊಂಡವಳು ನಾನು. ಇಷ್ಟು ಹೇಳಿದ್ದು ಜಂಬಕ್ಕೆ ಎಂದೇ ತಿಳಿಯಿರಿ. ಏಕೆಂದರೆ ಮುಂದೆ ಹೇಳಲಿರುವುದರಲ್ಲಿ ಜಂಬಕ್ಕೆ ಹೆಚ್ಚು ಜಾಗವಿಲ್ಲ.

ನನ್ನ ಯಜಮಾನರು ಇದಕ್ಕೆ ಪೂರ್ತಿ ವಿರುದ್ಧ ಜಾತಿಯ ಮನುಷ್ಯ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ, ಈಗ ಮನೆಯ ಹಾಲಿನಲ್ಲೇ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಊರಿಗೆಲ್ಲ ಅವರು ಮೇಷ್ಟ್ರು. ನನಗೂ ಅದೇ ಅಭ್ಯಾಸವಾಗಿದೆ. ತರಕಾರಿಯವಳು ಒಂದು ಬೆಲೆ ಹೇಳಿದರೆ ಇವರು ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು, ಚಿಲ್ಲರೆ ಇರಲಿ ಎಂದು ಬರುತ್ತಾರೆ. ಇಂಥವರ ಜೊತೆ ಸಂಸಾರ ಮಾಡಿಯೂ ನಾನು ಮನೆ ಕಟ್ಟಿದ್ದೇನೆ ಎಂಬುದನ್ನು ಓದುಗರು ಗಮನಿಸಬೇಕು. ಆ ಮನೆಯ ಮೆಟ್ಟಿಲು ಸೀದಾ ಹಾಲಿಗೆ ಇಳಿಯುತ್ತದೆ, ಮುಂಬಾಗಿಲಿಗೆ ದಾರ ಹಿಡಿದಷ್ಟು ನೇರ. ಹೀಗೆ ಕಟ್ಟಬಾರದು ಎಂದು ವಾಸ್ತು ಹೇಳುವವರು ತಲೆ ಅಲ್ಲಾಡಿಸಿದ್ದರು. ಮೆಟ್ಟಿಲನ್ನು ತಿರುಗಿಸಿದರೆ ಇಟ್ಟಿಗೆ ಜಾಸ್ತಿ ಬೇಕು, ತಿರುಗಿಸದಿದ್ದರೆ ದೋಷ ಎಷ್ಟು ಜಾಸ್ತಿ ಎಂದು ನಾನು ಕೇಳಿದೆ. ಅವರಿಗೆ ಅದನ್ನು ಅಳೆದು ಹೇಳಲಾಗಲಿಲ್ಲ. ಮೆಟ್ಟಿಲು ನೇರವಾಗಿಯೇ ಉಳಿಯಿತು. ಈ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ.

ಅಡುಗೆಮನೆಗೂ ಹಾಲಿಗೂ ನಡುವೆ ಒಂದೇ ಗೋಡೆ. ಆದ್ದರಿಂದ ಇಷ್ಟು ವರ್ಷ ಭೌತಶಾಸ್ತ್ರ ನನ್ನ ಕಿವಿಗೆ ಬೀಳುತ್ತಲೇ ಇದೆ. ಬೇರೆ ಪಾಠಗಳು ಬಿದ್ದಷ್ಟೇ ಬೇಗ ಎದ್ದು ಹೋದವು. ಶಕ್ತಿಯ ಪಾಠ ಮಾತ್ರ ಮನಸ್ಸಿಗೆ ಹಿಡಿಸಿತು. ಒಂದು ವಸ್ತುವನ್ನು ಮೇಲಕ್ಕೆ ಎತ್ತಿದರೆ ನೀವು ಹಾಕಿದ ಶಕ್ತಿ ಅದರಲ್ಲಿ ಪ್ರಚ್ಛನ್ನವಾಗಿ ಕೂತಿರುತ್ತದಂತೆ. ಕೆಳಗೆ ಬಿಟ್ಟರೆ ಅದೇ ಚಲನ ಶಕ್ತಿಯಾಗಿ ಹೊರಗೆ ಬರುತ್ತದಂತೆ. ಯಾವ ದಾರಿಯಲ್ಲಿ ಹತ್ತಿದಿರಿ, ಸುತ್ತಿ ಹೋದಿರೋ ನೇರ ಹೋದಿರೋ ಎಂದು ಭೂಮಿ ಕೇಳುವುದಿಲ್ಲ; ಎತ್ತರವೊಂದೇ ಅದಕ್ಕೆ ಮುಖ್ಯ. ಎರಡೂ ಶಕ್ತಿ ಸೇರಿಸಿದರೆ ಯಾಂತ್ರಿಕ ಶಕ್ತಿ, ಅದು ಎಳ್ಳಷ್ಟೂ ಕಡಿಮೆಯಾಗದು. ಸೌಟು ಕೈಯಲ್ಲಿ ಹಿಡಿದು ಇದನ್ನು ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಇಷ್ಟು ಪ್ರಾಮಾಣಿಕವಾದ ವ್ಯಾಪಾರಿ ಈ ಪ್ರಪಂಚದಲ್ಲಿ ಇದ್ದಾನೆ, ಅದೂ ನಮ್ಮ ಕಾಲ ಕೆಳಗೇ ಇದ್ದಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ಇದಾದ ಮೇಲೆ ಮೇಷ್ಟ್ರು ಪ್ರತಿ ವರ್ಷವೂ ಗಂಟಲು ಸರಿಮಾಡಿಕೊಂಡು "ಆದರೆ..." ಎನ್ನುತ್ತಿದ್ದರು. ಪ್ರತಿ ವರ್ಷವೂ ಅದೇ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು. ಐದು ಗಂಟೆಗೆ ಪಾಠ ಶುರು, ಐದೂವರೆಗೆ ನನ್ನ ಬೇಳೆ ಬೇಯುವ ಹೊತ್ತು. ಹೀಗಾಗಿ "ಆದರೆ"ಯ ಆಚೆಗೆ ಏನಿದೆ ಎಂಬುದು ನನಗೆ ತಿಳಿಯಲೇ ಇಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ. ಲಾಭದ ಮಾತು ಮುಗಿದ ಮೇಲೆ ಬರುವ "ಆದರೆ"ಗಳನ್ನು ಕೇಳಿಸಿಕೊಳ್ಳದೆ ಇರುವುದು ನನ್ನ ಕಸುಬಿನ ಮೊದಲ ಪಾಠ.

ಬೀರು ಸಿಕ್ಕಿದ್ದು ಭದ್ರಾವತಿಯ ಕಾಗದನಗರದಲ್ಲಿ, ಪೇಪರ್ ಮಿಲ್ಲಿನವರ ಕಾಲೊನಿಯಲ್ಲಿ. ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಹಿರಿಯ ಫಿಟ್ಟರ್ ಒಬ್ಬರು ತಮ್ಮ ಮದುವೆಗೆ ತಾವೇ ದಪ್ಪ ತಗಡು ಹಾಕಿ ಮಾಡಿಕೊಂಡಿದ್ದ ಬೀರು ಅದು. ಹಳೇ ಬೀರು ಕೊಳ್ಳುವಾಗ ಎಲ್ಲರೂ ಮೊದಲು ಬೀಗ ತಿರುಗಿಸಿ ನೋಡುತ್ತಾರೆ. ನೀವು ಕಾಲು ನೋಡಿ. ಬೀಗ ಬದಲಾಯಿಸಬಹುದು, ತುಕ್ಕು ಹತ್ತಿದ ಕಾಲು ಬದಲಾಯಿಸಲಾಗದು. ಇದರ ಕಾಲು ಸಕ್ರೆಬೈಲು ಬಿಡಾರದ ಆನೆಗಳಿಗೆ ಹೊಟ್ಟೆಕಿಚ್ಚು ಬರುವ ಹಾಗಿತ್ತು. ಇದನ್ನು ಮಾರಬಾರದು, ನನ್ನ ಮಹಡಿಯ ಕೋಣೆಯಲ್ಲೇ ಇರಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಮೇಷ್ಟ್ರು ಫೋನಿನಲ್ಲಿ, "ಟೇಪ್ ಹಿಡಿದು ಅಳೆದ್ಯಾ?" ಎಂದರು. ನಾನು ಗೇಣಿನಲ್ಲಿ ಅಳೆಯುವವಳು. ಟೇಪು ಮನೆಯಲ್ಲಿ ಮರೆತುಹೋಗುತ್ತದೆ, ಗೇಣು ಯಾವಾಗಲೂ ಜೊತೆಗೇ ಬರುತ್ತದೆ. ಬೀರು ಇಷ್ಟು ಗೇಣು, ಮಹಡಿಯ ಬಾಗಿಲು ಅದಕ್ಕಿಂತ ಅರ್ಧ ಗೇಣು ಜಾಸ್ತಿ, ಎರಡೂ ನನ್ನ ಕೈಯಲ್ಲೇ ಅಳೆದದ್ದು. ಬಾಗಿಲನ್ನು ಅಳೆದ ವಾರ ಹಲಸಿನಕಾಯಿ ಹೆಚ್ಚಲು ಹೋಗಿ ಹೆಬ್ಬೆರಳಿಗೆ ದೊಡ್ಡ ಬ್ಯಾಂಡೇಜ್ ಸುತ್ತಿಕೊಂಡಿದ್ದೆ, ಬೆರಳು ಪೂರ್ತಿ ಅಗಲಿಸಲು ಆಗುತ್ತಿರಲಿಲ್ಲ, ಗೇಣು ಗಿಡ್ಡವಾಗಿ ಬಾಗಿಲು ಅಗಲವಾಗಿತ್ತು ಎಂಬುದು ನನಗೆ ಹೊಳೆದದ್ದು ಬೀರು ಮಹಡಿಯ ಬಾಗಿಲಿಗೆ ತಾಗಿ ನಿಂತ ಮೇಲೆ.

ಅಲ್ಲಿಯವರೆಗೆ ಅದನ್ನು ಏರಿಸಿದವನು ಸೆಲ್ವಂ. ಭದ್ರಾವತಿಯವನು, ಅವನ ಅಜ್ಜ ಅಲ್ಲಿನ ಕಬ್ಬಿಣದ ಕಾರ್ಖಾನೆಗೆಂದು ತಮಿಳುನಾಡಿನಿಂದ ಬಂದವರು. ಲಗೇಜ್ ಆಟೋ, ಎರಡು ಹಲಗೆ, ಒಂದು ಉದ್ದನೆಯ ಹಗ್ಗ, ಜೊತೆಗೆ ತಮ್ಮಂದಿರಿಬ್ಬರು, ಇಷ್ಟು ಅವನ ಬಂಡವಾಳ. ಹತ್ತು ವರ್ಷದಿಂದ ನನ್ನ ಸಾಮಾನನ್ನೆಲ್ಲ ಸಾಗಿಸುವವನು ಅವನೇ. ಹತ್ತು ವರ್ಷದಿಂದ ನಾವಿಬ್ಬರೂ ಜಗಳವಾಡುತ್ತಲೇ ಇದ್ದೇವೆ, ಬೇರೆಯವರನ್ನು ಹುಡುಕುವ ಯೋಚನೆ ಇಬ್ಬರಿಗೂ ಬಂದಿಲ್ಲ.

ಆ ದಿನ ಮೇಷ್ಟ್ರಿಗೆ ಮುಖ್ಯವಾದ ದಿನ. ಮರುದಿನ ಬೆಳಿಗ್ಗೆ ಮಕ್ಕಳಿಗೆ ಭೌತಶಾಸ್ತ್ರದ ಪರೀಕ್ಷೆ. ಸಂಜೆ ಐದಕ್ಕೆ ಕೊನೆಯ ಪಾಠ. ಜ್ವರವಿರಲಿ ಬಂದ್ ಇರಲಿ, ಪರೀಕ್ಷೆಯ ಹಿಂದಿನ ದಿನದ ಪಾಠವನ್ನು ಅವರು ಒಂದು ಸಲವೂ ತಪ್ಪಿಸಿದವರಲ್ಲ. ನಾಲ್ಕೂವರೆಗೆ ಬೀರು ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ಖಚಿತವಾಯಿತು. ಮೇಷ್ಟ್ರು ಮಹಡಿಯಲ್ಲಿ ನಿಂತು ಟೇಪು ಹಿಡಿದು, ಎಷ್ಟು ಬೆರಳು ಕಡಿಮೆ ಎಂದು ಎರಡು ಸಲ ಅಳೆದು ತೋರಿಸಿದರು. ಒಂದು ಸಲ ಸಾಕಿತ್ತು.

ಇಳಿಸುವುದು ಶುರುವಾಯಿತು. ಮೆಟ್ಟಿಲ ಮೇಲೆ ಹಲಗೆ ಹಾಸಿ, ಬೀರುವನ್ನು ಮಲಗಿಸಿ, ಅಡಿಗೆ ಗೋಣಿಚೀಲ ಕೊಟ್ಟು, ಸೆಲ್ವಂ ಮೇಲಿನಿಂದ ಹಗ್ಗ ಬಿಡುತ್ತ ಬಂದ. ಅರ್ಧ ಮೆಟ್ಟಿಲಿಗೆ ಬಂದಾಗ ದಮ್ಮು ತೆಗೆದುಕೊಳ್ಳಲು ನಿಲ್ಲಿಸಿ, "ಅಕ್ಕಾ, ಏರಿಸಿದ್ದು ಒಂದು, ಇಳಿಸೋದು ಇನ್ನೊಂದು. ಅದನ್ನ ಬೇರೆ ನೋಡಿ ಮಾಡ್ಕೊಡಿ" ಎಂದ.

ಎಷ್ಟೋ ವರ್ಷದಿಂದ ಅಡುಗೆಮನೆಯಲ್ಲಿ ಕೂಡಿಟ್ಟಿದ್ದ ವಿದ್ಯೆ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು.

"ಇಳಿಸೋದಕ್ಕೆ ಯಾತರ ಕೂಲಿ ಸೆಲ್ವಂ? ಏರಿಸುವಾಗ ನೀನು ಹಾಕಿದ ಶಕ್ತಿ ಎಲ್ಲೂ ಹೋಗಿಲ್ಲ, ಬೀರುವಿನಲ್ಲೇ ಇದೆ. ಇಳಿಯುವಾಗ ಭೂಮಿ ಅದನ್ನ ಪೂರ್ತಿ ವಾಪಸ್ ಕೊಡುತ್ತೆ. ಎಳೆಯೋದು ಭೂಮಿ. ನೀನು ಸುಮ್ನೆ ಜೊತೆಗೆ ಬರ್ತೀಯ ಅಷ್ಟೆ."

ಸೆಲ್ವಂ ಮೇಲೆ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ಅಕ್ಕ ಹೇಳ್ತಿರೋದು ನಿಜವಾ?"

"ಅರ್ಧ ನಿಜ ಕಣಪ್ಪಾ" ಎಂದರು ಮೇಷ್ಟ್ರು.

"ನೋಡು, ಅವರೇ ನಿಜ ಅಂದ್ರಲ್ಲ" ಎಂದೆ ನಾನು.

ಸೆಲ್ವಂ ಜಗಳ ಮಾಡಲಿಲ್ಲ. ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಬೀರುವನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿದ. ಗೋಣಿ ಹಲಗೆಯನ್ನು ಕಚ್ಚಿ ಹಿಡಿದಿತ್ತು, ಬೀರು ಅಲುಗಲಿಲ್ಲ. ಹಗ್ಗವನ್ನು ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡ. "ಸರಿ ಅಕ್ಕಾ. ಹಂಗಾದ್ರೆ ಭೂಮಿನೇ ಇಳಿಸ್ಲಿ. ನಾವು ಟೀ ಕುಡ್ಕೊಂಡು ಬರ್ತೀವಿ" ಎಂದು ಬೀರುವಿನ ಮೇಲೆಯೇ ಹತ್ತಿ ಕೆಳಗಿಳಿದು, ತಮ್ಮಂದಿರನ್ನು ಕರೆದುಕೊಂಡು ಹೊರಟೇ ಹೋದ. ನಮ್ಮ ಬೀದಿಯ ತಿರುವಿನಲ್ಲಿ ಟೀ ಅಂಗಡಿಯಿದೆ. ಮೂವರೂ ಅಲ್ಲಿ ಬೆಂಚಿನ ಮೇಲೆ, ನಮ್ಮ ಕಿಟಕಿಗೆ ಎದುರಾಗಿ ಕೂತರು.

ಆಗ ನನಗೆ ಪರಿಸ್ಥಿತಿ ಅರ್ಥವಾಯಿತು. ಬೀರು ಮೆಟ್ಟಿಲಿನ ಅಗಲವನ್ನೆಲ್ಲ ತುಂಬಿಕೊಂಡು ಮಲಗಿದೆ. ಮೇಷ್ಟ್ರು ಮೇಲೆ, ಪಂಚೆಯಲ್ಲಿ, ನೋಯುವ ಮಂಡಿಯೊಂದಿಗೆ ನಿಂತಿದ್ದಾರೆ. ಸೆಲ್ವಂ ದಾಟಿದ ಹಾಗೆ ದಾಟುವ ವಯಸ್ಸು ಅವರಿಗೆ ಯಾವತ್ತೂ ಇರಲಿಲ್ಲ. ಕೆಳಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂರುತ್ತಿದ್ದಾರೆ, ಕತ್ತೆತ್ತಿ ಬೀರುವನ್ನು ನೋಡುತ್ತಿದ್ದಾರೆ. ಗಡಿಯಾರ ಐದಕ್ಕೆ ಹತ್ತಿರವಿದೆ.

"ಅವನನ್ನ ಕರಿ ಮಾರಾಯ್ತಿ" ಎಂದರು ಮೇಷ್ಟ್ರು ಮೇಲಿನಿಂದ. "ಮಕ್ಕಳಿಗೆ ನಾಳೆ ಪರೀಕ್ಷೆ. ನನ್ನ ಬೋರ್ಡು, ನೋಟ್ಸು ಎಲ್ಲ ಕೆಳಗಿದೆ."

"ಕರೆಯಲ್ಲ" ಎಂದೆ. "ಇವತ್ತು ಕರೆದರೆ ಇನ್ನು ಹತ್ತು ವರ್ಷ ಅವನು ಹೇಳಿದ್ದೇ ಬೆಲೆ. ನೀವೇ ಹೇಳಿ, ಭೂಮಿ ಯಾಕೆ ಎಳೆದುಕೊಳ್ತಾ ಇಲ್ಲ?"

"ಎಳೀತಾ ಇದೆ. ಘರ್ಷಣೆ ತಡೆದು ಹಿಡಿದಿದೆ. ಗೋಣಿಗೂ ಹಲಗೆಗೂ ನಡುವೆ."

"ಘರ್ಷಣೆಗೆ ಇಲ್ಲೇನು ಕೆಲಸ? ಮಾತುಕತೆ ಭೂಮಿಗೂ ಬೀರುವಿಗೂ."

"ಅದನ್ನೇ ನಾನು ಪ್ರತಿ ವರ್ಷ 'ಆದರೆ' ಅಂತ ಹೇಳೋದು" ಎಂದರು. ಅವರ ದನಿಯಲ್ಲಿ ಸ್ವಲ್ಪ ಸಂತೋಷ ಇದ್ದಂತಿತ್ತು. "ಇದು ಅಸಂರಕ್ಷಿತ ಬಲ. ಜಾರೋಕೆ ಶುರು ಆದ್ರೆ ಹೆಜ್ಜೆ ಹೆಜ್ಜೆಗೂ ಯಾಂತ್ರಿಕ ಶಕ್ತಿನ ತಿನ್ನುತ್ತೆ. ದಾರಿ ಉದ್ದ ಆದಷ್ಟೂ ಜಾಸ್ತಿ ತಿನ್ನುತ್ತೆ. ತಿಂದಿದ್ದನ್ನ ವಾಪಸ್ ಕೊಡಲ್ಲ."

ಅಂದರೆ ಮಧ್ಯವರ್ತಿ. ಇಷ್ಟು ದಿನ ನಮ್ಮ ಮನೆಯಲ್ಲೇ ಒಬ್ಬ ದಲ್ಲಾಳಿ ಇದ್ದ, ನನಗೆ ಒಂದು ಮಾತು ತಿಳಿಸಿರಲಿಲ್ಲ. ದಲ್ಲಾಳಿಗಳನ್ನು ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭದ್ರಾವತಿಯಲ್ಲಿ ಎಷ್ಟು ಜನ ದಲ್ಲಾಳಿಗಳನ್ನು ದಾಟಿ ನೇರವಾಗಿ ಮನೆಯವರ ಹತ್ತಿರ ಹೋಗಿ ಮಂಚ ಕೊಂಡವಳು ನಾನು. ದೇವರ ಗೂಡಿನ ಕೆಳಗಿಂದ ದೀಪದೆಣ್ಣೆಯ ದೊಡ್ಡ ಬಾಟಲಿ ತಂದೆ.

"ಏನು ಮಾಡ್ತಿದೀಯ?"

"ದಲ್ಲಾಳಿನ ತೆಗೀತಿದೀನಿ."

"ಬೇಡ. ಘರ್ಷಣೆ ತಿನ್ನುತ್ತೆ ಅಂದೆ, ನಿಜ. ನಿಲ್ಲಿಸೋದೂ ಅದೇ. ಅದಿಲ್ಲದಿದ್ರೆ ಬೀರುನ ಹಿಡಿಯೋರು ಯಾರು?"

ಹೆಂಡತಿಯ ಮುಖ ನೋಡಿ ಮುಂದೇನಾಗುವುದು ಎಂದು ತಿಳಿಯುವ ಒಂದೇ ಒಂದು ಲೌಕಿಕ ಜ್ಞಾನ ಅವರಿಗಿದೆ. ತಕ್ಷಣ ಮೇಲಿನಿಂದಲೇ ಮಕ್ಕಳಿಗೆ, "ಎಲ್ಲರೂ ಎದ್ದು ಅಂಗಳಕ್ಕೆ ಹೋಗಿ. ಬಾಗಿಲಿನ ನೇರಕ್ಕೆ ಯಾರೂ ನಿಲ್ಬೇಡಿ, ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ" ಎಂದು ಕೂಗಿದರು. ಕೊನೆಯ ಚಪ್ಪಲಿಯ ಸದ್ದು ಹೊರಗೆ ಹೋದ ಮೇಲೆ ನಾನು ಮೆಟ್ಟಿಲಿನ ರೇಲಿಂಗಿನ ಈಚೆ ನಿಂತು, ಹಲಗೆಗಳ ಉದ್ದಕ್ಕೂ ಎಣ್ಣೆ ಸುರಿದೆ. ಗೋಣಿಯ ಒಂದು ಬಾಲ ಬೀರುವಿನ ಕೆಳಗಿಂದ ಇಣುಕುತ್ತಿತ್ತು. ಅದಕ್ಕೂ ಕುಡಿಸಿದೆ. ಆಮೇಲೆ ಆ ಬಾಲವನ್ನು ಎರಡೂ ಕೈಯಲ್ಲಿ ಹಿಡಿದು, ದೇವರನ್ನು ನೆನೆದು, ಎಳೆದೆ.

ಗೋಣಿ ಬಂತು. ಬೀರುವೂ ಬಂತು.

ಭೂಮಿಯ ಪ್ರಾಮಾಣಿಕತೆಯ ಬಗ್ಗೆ ನಾನು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ. ನಾನು ಪೂರ್ತಿ ವಾಪಸ್ ಕೇಳಿದ್ದೆ, ಪೂರ್ತಿ ವಾಪಸ್ ಕೊಟ್ಟಿತು, ಅದೂ ಒಂದೇ ಕಂತಿನಲ್ಲಿ. ಮೂವರು ಗಂಡಸರು ಅರ್ಧ ಗಂಟೆ ಬೆವರು ಸುರಿಸಿ ಬೀರುವಿನಲ್ಲಿ ತುಂಬಿಟ್ಟಿದ್ದರಲ್ಲಿ ಅರ್ಧ ಇನ್ನೂ ಅದರಲ್ಲಿತ್ತು. ಆ ಅರ್ಧವೂ ನಾನು ಕಣ್ಣು ಮಿಟುಕಿಸುವುದರೊಳಗೆ ಹೊರಬಂತು. ಬೀರು ಹಲಗೆಯಿಂದ ಜಾರಿ, ನಾನೇ ಬೆಳಿಗ್ಗೆ ಒರೆಸಿ ಹೊಳಪು ಬರಿಸಿದ್ದ ರೆಡ್ ಆಕ್ಸೈಡ್ ನೆಲದ ಮೇಲೆ, ಚಾಪೆಯನ್ನು ಮುದುಡಿಸಿಕೊಂಡು, ವಾಸ್ತು ಹೇಳುವವರು ಬೆರಳು ತೋರಿಸಿದ್ದ ಅದೇ ನೇರದಲ್ಲಿ ಸಾಗಿ, ಮುಂಬಾಗಿಲಿನ ಹೊಸ್ತಿಲಿಗೆ ಗುದ್ದಿ, ಓರೆಯಾಗಿ ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡು ನಿಂತಿತು. ಸದ್ದು ಕೇಳಿ ಟೀ ಅಂಗಡಿಯ ಬೆಂಚಿನಲ್ಲಿದ್ದ ಮೂವರೂ ಎದ್ದು ನಿಂತರು.

ಮೇಷ್ಟ್ರು ರೇಲಿಂಗ್ ಹಿಡಿದು, ಎಣ್ಣೆಯ ಹಲಗೆ ತಪ್ಪಿಸಿ, ನಿಧಾನವಾಗಿ ಇಳಿದು ಬಂದರು. ಮೊದಲು ನನ್ನ ಕೈ ಕಾಲು ನೋಡಿದರು. ಆಮೇಲೆ ಬಾಗಿಲು ನೋಡಿದರು. ಮೇಷ್ಟ್ರು ಕೆಳಗೆ ಬಂದಿದ್ದರು, ನಿಜ, ಮಕ್ಕಳು ಹೊರಗಿದ್ದರು. ನಡುವೆ ಮತ್ತೆ ಅದೇ ಬೀರು. ಕೊನೆಯ ಪಾಠಕ್ಕೆ ಐದು ನಿಮಿಷ ತಡವಾಗಿತ್ತು. ಬೇರೆ ಗಂಡಸಾಗಿದ್ದರೆ ಏನಾದರೂ ಅನ್ನುತ್ತಿದ್ದರು. ಇವರು ಬೋರ್ಡನ್ನು ಬಾಗಿಲಿನ ಈಚೆ ಒಂದು ಕುರ್ಚಿಗೆ ಒರಗಿಸಿ, ಬೀರುವಿನ ಮೇಲಿಂದ ಹೊರಗಿನವರಿಗೆ ಕಾಣುವ ಹಾಗೆ ನಿಲ್ಲಿಸಿ, ಸೀಮೆಸುಣ್ಣ ಕೈಗೆ ತೆಗೆದುಕೊಂಡರು.

"ಬರ್ಕೊಳ್ಳಿ. ಈಗ ನೋಡಿದಿರಲ್ಲ" ಎಂದರು.

ನಾನು ಎಂದಿನಂತೆ ಬೇಳೆ ಇಟ್ಟು ಬಂದಿದ್ದೆ; "ಆದರೆ" ಬರುವ ಹೊತ್ತಿಗೆ ಒಳಗೆ ಕುಕ್ಕರ್ ಕೂಗಲು ಶುರುಮಾಡಿತು. ನಾನು ಹೋಗಿ ಸ್ಟವ್ ಆರಿಸಿ ಬಂದೆ. ಇಷ್ಟು ವರ್ಷಗಳಲ್ಲಿ ಇದೇ ಮೊದಲು. ಮೆಟ್ಟಿಲ ಮೇಲೆ ಕೂತು "ಆದರೆ"ಯ ಆಚೆಗಿನದ್ದನ್ನು ಪೂರ್ತಿ ಕೇಳಿಸಿಕೊಂಡೆ.

ಹೊರಗಿನಿಂದ ಒಬ್ಬ ಹುಡುಗಿ, "ಸರ್, ಬೀರು ಈಗ ನಿಂತಿದೆ. ಹಾಗಾದ್ರೆ ಆ ಶಕ್ತಿ ಎಲ್ಲಿ ಹೋಯ್ತು?" ಎಂದು ಕೇಳಿದಳು.

"ಸದ್ದು ಕೇಳಿಸ್ತಲ್ಲ, ಅದರಲ್ಲಿ ಸ್ವಲ್ಪ ಹೋಯ್ತು. ಹೊಸ್ತಿಲು ಬಿರುಕು ಬಿಟ್ಟಿದೆ, ಬೀರುವಿನ ಮೂಲೆ ನಜ್ಜಾಗಿದೆ, ಅಲ್ಲಿ ಸ್ವಲ್ಪ. ಉಳಿದಿದ್ದು ಶಾಖ. ನೆಲ, ಹಲಗೆ ಎಲ್ಲ ಒಂಚೂರು ಬಿಸಿ ಆಗಿರುತ್ತೆ. ಒಟ್ಟು ಶಕ್ತಿ ಎಲ್ಲೂ ಕಳೆದುಹೋಗಲ್ಲ. ಆದರೆ ಯಾಂತ್ರಿಕ ಶಕ್ತಿಯಾಗಿ ಅದು ಇನ್ನು ನಮ್ಮ ಕೈಗೆ ಬರಲ್ಲ."

ನಾನು ಹಲಗೆ ಮುಟ್ಟಿ ನೋಡಿದೆ. ಅದು ಬೆಚ್ಚಗಿತ್ತೋ, ನನ್ನ ಕೈ ತಣ್ಣಗಾಗಿತ್ತೋ, ಹೇಳಲಾರೆ.

"ಕೇಳಿದ್ರೂ ಕೊಡಲ್ವಾ?" ಎಂದೆ ಕೂತಲ್ಲಿಂದಲೇ.

"ನೀನು ಕೇಳಿದ್ರೂ ಕೊಡಲ್ಲ" ಎಂದರು ಮೇಷ್ಟ್ರು. ಅಂಗಳದಲ್ಲಿ ನಗು ಎದ್ದಿತು.

ಅಷ್ಟು ಹೊತ್ತಿಗೆ ಸೆಲ್ವಂ ಬಂದು ಬಾಗಿಲಿನ ಆಚೆ ನಿಂತಿದ್ದ. ಬೀರುವನ್ನು ಒಮ್ಮೆ ನೋಡಿ, ಬೋರ್ಡನ್ನು ಒಮ್ಮೆ ನೋಡಿ, "ಭೂಮಿ ಇಳಿಸ್ತಾ ಅಕ್ಕಾ?" ಎಂದ. ನಾನು, "ಇಳಿಸ್ತು. ನಿನಗಿಂತ ಬೇಗ ಇಳಿಸ್ತು" ಎಂದೆ. ಸೋತವರು ಮಾತು ನಿಲ್ಲಿಸಬೇಕೆಂದು ಎಲ್ಲಿಯೂ ಬರೆದಿಲ್ಲ.

ಅವನು ಬೀರುವಿನ ಮೇಲಿನಿಂದ ಎರಡೂ ಕೈ ಒಳಗೆ ಚಾಚಿ ಅಂಗೈ ಬಿಡಿಸಿ ತೋರಿಸಿದ. ಎರಡು ಅಂಗೈಗೂ ಅಡ್ಡಲಾಗಿ ಹಗ್ಗ ಎಳೆದ ಕೆಂಪು ಗೆರೆ. "ನೀವು ಹೇಳಿದ್ದು ಸರಿ ಅಕ್ಕಾ. ಇಳಿಯುವಾಗ ಭೂಮಿ ವಾಪಸ್ ಕೊಡುತ್ತೆ. ಎಲ್ಲಿಗೆ ಕೊಡುತ್ತೆ ಅಂತ ನೀವು ನೋಡಿರಲಿಲ್ಲ ಅಷ್ಟೆ. ಹಗ್ಗ ಬಿಡ್ತಾ ಬಂದ್ರೆ ಇಲ್ಲಿ ಬೆಂಕಿ."

ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು. ಇಡೀ ಪಾಠದಲ್ಲಿ ತಾವು ಹೇಳಲು ಮರೆತದ್ದನ್ನು ಇನ್ನೊಬ್ಬರು ಹೇಳಿದಾಗ ಅವರ ಮುಖದಲ್ಲಿ ಒಂದು ಭಾವ ಬರುತ್ತದೆ, ಅದು ಬಂತು. ಹತ್ತು ವರ್ಷಗಳಲ್ಲಿ ಬೀರು ಎಷ್ಟು, ಮಂಚ ಎಷ್ಟು, ಶೋಕೇಸು ಎಷ್ಟು, ಈ ಕೈಗಳಿಂದ ಇಳಿದಿರಬಹುದು ಎಂದು ನಾನು ಮನಸ್ಸಿನಲ್ಲೇ ಎಣಿಸಲು ಹೋಗಿ ಬಿಟ್ಟುಬಿಟ್ಟೆ.

"ಎಷ್ಟು ಹೇಳ್ತೀಯೋ ಅಷ್ಟು ತಗೋ" ಎಂದೆ. ಅವನು ಹೇಳಿದ. ನಾನು ಬಾಯಿ ತೆರೆದೆ, ಮೇಷ್ಟ್ರು ನನ್ನ ಕಡೆ ನೋಡಿದರು, ಬಾಯಿ ಮುಚ್ಚಿಕೊಂಡೆ. ಇದು ಒಂದು ಸಲದ ಮಾತು, ಪದ್ಧತಿಯಾಗಿಲ್ಲ ಎಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಮರುವಾರ ಅವನಿಗೂ ತಮ್ಮಂದಿರಿಗೂ ಚರ್ಮದ ಕೈಗವಸು ತಂದುಕೊಟ್ಟೆ. ಅದನ್ನು ಚೌಕಾಸಿ ಮಾಡಿಯೇ ತಂದೆ, ಎರಡನೆಯ ಚಪ್ಪಲಿಯವರೆಗೂ ಹೋಗಿ. ಪಶ್ಚಾತ್ತಾಪವನ್ನೂ ಹೇಳಿದ ಬೆಲೆಗೆ ಕೊಳ್ಳಬೇಕಾಗಿಲ್ಲ.

ಬೀರು ಈಗ ಮಹಡಿಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಮೂಲೆ ನಜ್ಜಾದ ಬೀರುವನ್ನು ಮಾರಲು ನನಗೆ ಗೊತ್ತು, ಆದರೆ ಮೇಷ್ಟ್ರು ಬಿಡಲಿಲ್ಲ. ಹಾಲಿನಲ್ಲಿ ಮೆಟ್ಟಿಲ ಕೆಳಗೆ ನಿಂತಿದೆ, ಅದರೊಳಗೆ ಅವರ ನೋಟ್ಸು. ಹೊಸ ಮಕ್ಕಳು ಬಂದಾಗಲೆಲ್ಲ ಶಕ್ತಿಯ ಪಾಠಕ್ಕೆ ಅದನ್ನೇ ತೋರಿಸುತ್ತಾರೆ. ಈಗ ಅದು ಲೆಕ್ಕವಾಗಿ ಬೋರ್ಡಿನ ಮೇಲೂ ಬಂದಿದೆ: ಒಬ್ಬ ಮಹಿಳೆ ಇಂತಿಷ್ಟು ತೂಕದ ಬೀರುವನ್ನು ಇಂತಿಷ್ಟು ಎತ್ತರದಿಂದ ಜಾರಿಬಿಡುತ್ತಾಳೆ, ಹೊಸ್ತಿಲು ತಲುಪಿದಾಗ ಅದರ ವೇಗವೆಷ್ಟು? ಆ ಮಹಿಳೆ ಯಾರೆಂದು ಅವರು ಹೇಳುವುದಿಲ್ಲ. ಮಕ್ಕಳು ಅಡುಗೆಮನೆಯ ಕಡೆ ನೋಡುತ್ತಾರೆ. ಕೊನೆಯಲ್ಲಿ ಮೇಷ್ಟ್ರು ತಮ್ಮ ಹಳೇ ಅಭ್ಯಾಸದಂತೆ, "ಘರ್ಷಣೆ ನಗಣ್ಯ ಎಂದು ಭಾವಿಸಿ" ಎನ್ನುತ್ತಾರೆ. ಕುಕ್ಕರ್ ಕೂಗುತ್ತಿದ್ದರೂ ಸರಿ, ಬೇಳೆ ಹೊತ್ತಿದರೂ ಸರಿ, ನಾನು ಸ್ಟವ್ ಸಣ್ಣಗೆ ಮಾಡಿ ಒಳಗಿನಿಂದಲೇ, "ಭಾವಿಸ್ಬೇಡಿ" ಎಂದು ಕೂಗುತ್ತೇನೆ.

ಮೇಷ್ಟ್ರು ಪಾಠ ನಿಲ್ಲಿಸಿ, ಮಕ್ಕಳ ನಗು ಮುಗಿಯುವವರೆಗೆ ಕಾದು, ಮತ್ತೆ ಶುರು ಮಾಡಬೇಕಾಗುತ್ತದೆ. ಪ್ರತಿ ವರ್ಷ ಆ ಪಾಠ ಒಂದು ದಿನ ತಡವಾಗಿ ಮುಗಿಯುತ್ತಿದೆಯಂತೆ. ಆ ದಿನವನ್ನು ನಾನು ಅವರಿಗೆ ವಾಪಸ್ ಕೊಟ್ಟಿಲ್ಲ, ಕೊಡುವುದೂ ಇಲ್ಲ.